ಹೊಳೆಯಿಲ್ಲದ ಊರಿನ ನೀರು

ಕತಾರಿನಲ್ಲಿ ಹೊಳೆಯಿಲ್ಲ. ದೋಹಾದ ನಲ್ಲಿಗಳಿಗೆ ಅಲ್ಲಿನ ವಿದ್ಯುತ್-ನೀರು ಸಂಸ್ಥೆ 'ಕಹ್ರಮಾ' ಹರಿಸುವುದು ಉಪ್ಪು ತೆಗೆದ ಸಮುದ್ರದ ನೀರು. ಬಳಸಿ ಬಿಟ್ಟದ್ದನ್ನು ಲೋಕೋಪಯೋಗಿ ಪ್ರಾಧಿಕಾರ 'ಅಶ್ಗಾಲ್' ಶುದ್ಧೀಕರಿಸಿ ಮೇವಿನ ಹುಲ್ಲಿಗೆ, ರಸ್ತೆಬದಿಯ ಗಿಡಗಳಿಗೆ ಉಣಿಸುತ್ತದೆ. ಆ ಊರಿಗೆ ಹೊಳೆ ಅಂತ ಇದ್ದರೆ ಈ ಕೊಳವೆಯ ನೀರೇ. ಬೆಂಗಳೂರಿನ ಕೊಳಚೆ ಸಂಸ್ಕರಣೆಯಾಗಿ 2018ರಿಂದ ಕೋಲಾರದ ಕೆರೆ ಸೇರುತ್ತಿರುವುದನ್ನು ಬಲ್ಲ ನಮಗೆ ಇದು ತೀರ ಪರಕೀಯವಲ್ಲ.

ನುಂಗಿದ ಮಾತ್ರೆ, ಮೈಗೆ ಹಚ್ಚಿದ ಕ್ರೀಮು ಇದೇ ನೀರಿಗೆ ಇಳಿಯುತ್ತವೆ. ಇವನ್ನು 'ಹೊಸ ಮಾಲಿನ್ಯಕಾರಕಗಳು' ಎನ್ನುತ್ತಾರೆ. ಹೆಸರಿಗೆ ಹೊಸವು, ಎಷ್ಟೋ ದಶಕಗಳಿಂದ ಬಳಕೆಯಲ್ಲಿವೆ, ಅಳೆಯಲು ಕಲಿತದ್ದು ಈಚೆಗೆ. ಅಳತೆಯಾದರೂ ಎಂಥದು? ಲೀಟರಿಗೆ 1 ನ್ಯಾನೋಗ್ರಾಂ ಅಂದರೆ ಒಲಿಂಪಿಕ್ ಈಜುಕೊಳದ 25 ಲಕ್ಷ ಲೀಟರಿನಲ್ಲಿ ಸಕ್ಕರೆಯ ನಾಲ್ಕೈದು ಹರಳು.

ಮೂರ್ಛೆರೋಗದ ಔಷಧಿ ಕಾರ್ಬಮಾಜೆಪಿನ್ ತಗೊಳ್ಳಿ. ಪ್ಯಾರಾಸಿಟಮಾಲನ್ನು ಸಲೀಸಾಗಿ ಅರಗಿಸಿಕೊಳ್ಳುವ ಶುದ್ಧೀಕರಣ ತೊಟ್ಟಿಯ ಸೂಕ್ಷ್ಮಾಣುಗಳು ಇದರ ಮುಂದೆ ಸೋಲುತ್ತವೆ. ಅದನ್ನು ಹಿಡಿಯುವವರು ಅರ್ಧ ಲೀಟರ್ ನೀರನ್ನು ಬೆರಳು ಗಾತ್ರದ ಕೊಳವೆಯೊಳಗಿನ ಹೀರುಪುಡಿಯ ಮೂಲಕ ಹನಿಹನಿಯಾಗಿ ಇಳಿಸುತ್ತಾರೆ. ನೀರು ಹೋಗುತ್ತದೆ, ಔಷಧಿ ಪುಡಿಗೆ ಅಂಟಿಕೊಳ್ಳುತ್ತದೆ. ಮೆಥನಾಲಿನಿಂದ ಅದನ್ನು ತೊಳೆದಿಳಿಸಿ, ನೈಟ್ರೋಜನ್ ಊದಿ ಆರಿಸಿ, ಉಳಿದದ್ದನ್ನು ಒಂದು ಮಿಲಿಲೀಟರಿಗೆ ತರುತ್ತಾರೆ. ಇಷ್ಟೆಲ್ಲ ನಡೆಯುವಾಗ ಒಂದಷ್ಟು ಕಳೆದುಹೋಗದೆ ಇರುತ್ತದೆಯೇ? ಇಲ್ಲಿದೆ ನೋಡಿ ನನಗೆ ತುಂಬ ಇಷ್ಟವಾದ ಜಾಣತನ: ಮೊದಲೇ ನೀರಿಗೆ ಅದೇ ಔಷಧಿಯ ತುಸು ಭಾರದ ಅವಳಿಯನ್ನು, ಹತ್ತು ಹೈಡ್ರೋಜನ್ನುಗಳ ಜಾಗದಲ್ಲಿ ಡ್ಯುಟೀರಿಯಂ ಎಂಬ ಭಾರದ ಹೈಡ್ರೋಜನ್ ಕೂರಿಸಿದ್ದನ್ನು, ಲೆಕ್ಕ ಮಾಡಿ ಹಾಕಿರುತ್ತಾರೆ. ದಾರಿಯಲ್ಲಿ ಅವಳಿಯದು ಅರ್ಧ ಕಳೆದಿದ್ದರೆ ಇದರದೂ ಅರ್ಧ ಕಳೆದಿದೆ. ಕೊನೆಗೆ ಮಾಸ್ ಸ್ಪೆಕ್ಟ್ರೋಮೀಟರ್ 237ರ ತೂಕದ ಅಯಾನನ್ನು ಹಿಡಿದು, ಒಡೆದು, 194ರ ಚೂರು ಬಂತೇ ಎಂದು ನೋಡುತ್ತದೆ. ಎರಡೂ ಹೊಂದಬೇಕು.

ಕಾಫಿ, ಚಹಾದ ಕೆಫೀನ್ ಕಾರ್ಬಮಾಜೆಪಿನ್ನಿಗೆ ತದ್ವಿರುದ್ಧ. ಶುದ್ಧೀಕರಣದಲ್ಲಿ ಬಹುಪಾಲು ಅಳಿಯುತ್ತದೆ. ಅದು ಹೇರಳವಾಗಿ ಕಂಡಲ್ಲಿ ಹಸಿ ಕೊಳಚೆ ಸೋರುತ್ತಿರಬಹುದು. ಕಾರ್ಬಮಾಜೆಪಿನ್ ಮಾತ್ರ ಕಂಡರೆ ಸಂಸ್ಕರಿಸಿದ ನೀರು ಅಲ್ಲಿಗೆ ಬಂದಿದೆ ಎಂದು ಗುಮಾನಿ.

ಯಂತ್ರಕ್ಕಿಂತ ಕಷ್ಟದ್ದು ಮಡಿ. ನೀರು ತುಂಬಿಸುವವರ ಬೆರಳಿನಿಂದಲೇ ಕೆಫೀನ್ ಬಾಟಲಿಗೆ ಇಳಿಯಬಹುದು. ಅದಕ್ಕೇ ಪರಿಶುದ್ಧ ನೀರಿನ ಒಂದು ಬಾಟಲಿಯನ್ನೂ ಜೊತೆಗೆ ಒಯ್ದು, ಅಲ್ಲೇ ಮುಚ್ಚಳ ತೆರೆದು, ಮುಚ್ಚಿ, ತಂದು ಪರೀಕ್ಷಿಸುತ್ತಾರೆ. ಅದರಲ್ಲೂ ಏನಾದರೂ ಕಂಡರೆ ಆ ದಿನದ ಫಲಿತಾಂಶವನ್ನು ನಂಬುವಂತಿಲ್ಲ. ಹಾಗಾಗಿ ಊದ್ ಘಮಘಮಿಸುವ ಆ ಊರಿನಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ, ನೀರು ತರಲು ಹೊರಟವರಿಗೆ ಅವತ್ತು ಅತ್ತರಿಲ್ಲ, ಸನ್‌ಸ್ಕ್ರೀನ್ ಇಲ್ಲ, ಬಾಟಲಿಗಳ ಮುಚ್ಚಳ ಬಿಗಿಯುವ ತನಕ ಕರಕ್ ಚಹಾವೂ ಇಲ್ಲ.