ಖಾಲಿ ಪಾತ್ರೆ ಮರಳಿಸಬಾರದು

ಬೇಸಗೆಯು ಬರುವಾಗ ಯಾರಿಗೂ ಹೇಳಿ ಬರುವುದಿಲ್ಲ. ಹೋಗುವಾಗ ಮಾತ್ರ ಮನೆಮಂದಿಯನ್ನೆಲ್ಲ ಕೆಲಸಕ್ಕೆ ಹಚ್ಚಿಯೇ ಹೋಗುತ್ತದೆ. ಕಾಸರಗೋಡಿನ ನಮ್ಮ ಹಳ್ಳಿಗಳಲ್ಲಿ ಮೇ ತಿಂಗಳ ಕೊನೆಯ ಹದಿನೈದು ದಿನಗಳನ್ನು ಕಳೆದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24 ಅಥವಾ 25ರ ಸುಮಾರಿಗೆ, ಪತ್ತನಾಜೆ. ಅಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ, ಜಾತ್ರೆಯ ಸದ್ದಡಗುತ್ತದೆ. ಅದೇ ಹೊತ್ತಿಗೆ ಸೂರ್ಯನು ರೋಹಿಣಿ ನಕ್ಷತ್ರವನ್ನು ಪ್ರವೇಶಿಸುತ್ತಾನೆ. ಜೂನ್ 1ಕ್ಕೆ ಶಾಲೆಯ ಬಾಗಿಲು ತೆರೆಯುತ್ತದೆ. ಮಳೆಗಾಲವು ಕೇರಳಕ್ಕೆ ಕಾಲಿಡುವ ವಾಡಿಕೆಯ ದಿನವೂ ಅದೇ.

ಹೀಗಾಗಿ ಈ ಹದಿನೈದು ದಿನಗಳಲ್ಲಿ ಗೃಹಿಣಿಗೆ ಕುಳಿತುಕೊಳ್ಳಲು ಬಿಡುವಿಲ್ಲ. ಒಣಗಿದ ಕಟ್ಟಿಗೆ ಕೊಟ್ಟಗೆ ಸೇರಬೇಕು. ಅಂಗಳದಲ್ಲಿ ಹರಡಿದ ಅಡಕೆಯನ್ನು ಸುಲಿದು ಅಟ್ಟಕ್ಕೇರಿಸಬೇಕು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟಬೇಕು. ಬೇಳೆಗೆ ಕೆಮ್ಮಣ್ಣು ಮೆತ್ತಿ ಮೂಲೆಯಲ್ಲಿ ರಾಶಿ ಹಾಕಬೇಕು. ಕಾಟುಮಾವಿನ ರಸವನ್ನು ದಿನಕ್ಕೊಂದು ಪದರದಂತೆ ಚಾಪೆಯ ಮೇಲೆ ಎರೆದು ಮಾಂಬಳವಾಗಿಸಬೇಕು. ಇವೆಲ್ಲಕ್ಕೂ ಮಿಗಿಲಾದದ್ದು ಹಲಸಿನ ಹಪ್ಪಳ. ಬಲಿತ ಕಾಯಿಯ ಸೊಳೆಯನ್ನು ಬೇಯಿಸಿ, ಬಿಸಿ ಆರುವ ಮೊದಲೇ ಒರಳಿನಲ್ಲಿ ಗುದ್ದಿ, ಉಪ್ಪು ಖಾರ ಬೆರೆಸಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ ಬಿಸಿಲಿಗೆ ಹಾಕುವ ಈ ಕಾರ್ಯ ಒಬ್ಬಿಬ್ಬರಿಂದ ಆಗತಕ್ಕದ್ದಲ್ಲ. ನೆರೆಮನೆಯವರು ಬರಲೇಬೇಕು. ಇಂದು ನಮ್ಮಲ್ಲಿಗೆ ಅವರು, ನಾಳೆ ಅವರಲ್ಲಿಗೆ ನಾವು. ಕಾಗೆ ಓಡಿಸುವ ಕೋಲು ಮಾತ್ರ ಎಲ್ಲ ಮನೆಗಳಲ್ಲಿಯೂ ಮಕ್ಕಳ ಪಾಲಿನದು.

ಈ ಸಡಗರದ ನಡುವೆ ಒಂದು ಚಿಂತೆ ಎಲ್ಲರ ಮನಸ್ಸಿನಲ್ಲಿಯೂ ಇರುತ್ತದೆ. ಅದು ನೀರಿನ ಚಿಂತೆ.

ಸುರಂಗ ಸೊರಗಿದಾಗ

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ನೀರಿಗೆ ಬರವೆಂದರೆ ದೂರದವರು ನಂಬಲಾರರು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ನಮ್ಮ ಗುಡ್ಡೆಗಳ ಮುರಕಲ್ಲು ನೀರನ್ನು ಕುಡಿಯುವುದೂ ಬೇಗ, ಬಿಡುವುದೂ ಬೇಗ. ಆದುದರಿಂದಲೇ ನಮ್ಮ ಹಿರಿಯರು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಉದ್ದವನ್ನು ಅಳೆಯುವುದು ಕೋಲಿನ ಲೆಕ್ಕದಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಳಗೆ ಮೊಂಬತ್ತಿ ಹಚ್ಚಿಟ್ಟು ಪಿಕ್ಕಾಸಿನಿಂದ ಅಗೆಯುವುದು. ಬತ್ತಿಯ ಬೆಳಕು ಕುಗ್ಗಿದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುವುದು. ಜಿನುಗಿದ ನೀರು ತಾನಾಗಿ ಹರಿದು ಹೊರಗಿನ ಮಣ್ಣಿನ ಟಾಂಕಿಗೆ ಬೀಳುತ್ತದೆ. ರಾಟೆ ಬೇಡ, ಹಗ್ಗ ಬೇಡ. ಬಾಯಾರು, ಪೆರ್ಲ, ಎಣ್ಮಕಜೆಯ ಕಡೆಗಳಲ್ಲಿ ಇಂತಹ ಸುರಂಗಗಳನ್ನು ಇಂದಿಗೂ ಕಾಣಬಹುದು.

ನಮ್ಮ ಮನೆಗೂ ನಲವತ್ತು ಕೋಲಿನ ಒಂದು ಸುರಂಗವಿತ್ತು. ಈಗ್ಗೆ ಐವತ್ತು ವರ್ಷಗಳ ಹಿಂದಿನ ಒಂದು ಬೇಸಗೆಯನ್ನು ನಾನು ಮರೆಯಲಾರೆ. ಆಗ ನನಗೆ ಹತ್ತು ವರ್ಷ ವಯಸ್ಸು. ಆ ಸಲ ಪತ್ತನಾಜೆ ಕಳೆದರೂ ಒಂದು ಹನಿ ಬೀಳಲಿಲ್ಲ. ಹೆಬ್ಬೆರಳ ದಪ್ಪಕ್ಕೆ ಬೀಳುತ್ತಿದ್ದ ಸುರಂಗದ ನೀರು ಕಿರುಬೆರಳ ದಪ್ಪಕ್ಕಿಳಿಯಿತು, ಅನಂತರ ನೂಲಾಯಿತು, ಕೊನೆಗೆ ತೊಟ್ಟಿಕ್ಕತೊಡಗಿತು. ಒಂದು ಕೊಡಪಾನ ತುಂಬಲು ಮುಂಜಾವದಿಂದ ಮಧ್ಯಾಹ್ನದವರೆಗೆ ಕಾಯಬೇಕಾಗಿತ್ತು. ತೋಟದ ಆಸೆಯನ್ನು ಅಜ್ಜ ಬಿಟ್ಟುಬಿಟ್ಟಿದ್ದರು. ಆದರೆ ಮನೆಯಲ್ಲಿ ಬಾಣಂತಿಯಿದ್ದಳು. ಹೆರಿಗೆಗೆಂದು ತವರಿಗೆ ಬಂದ ನನ್ನ ಅಕ್ಕನ ಮಗುವಿಗೆ ಆಗ ಹದಿನೈದು ದಿನ ತುಂಬಿತ್ತು. ಬಾಣಂತಿಗೂ ಮಗುವಿಗೂ ದಿನವೂ ಬಿಸಿನೀರಿನ ಸ್ನಾನವಾಗಬೇಕು. ಅಮ್ಮ ಮತ್ತು ನಾನು ಅರ್ಧ ಮೈಲು ದೂರದ ಕೆರೆಯಿಂದ ಹೊತ್ತು ತಂದ ನೀರು ಅಡುಗೆಗೆ, ಹಟ್ಟಿಯ ದನಗಳಿಗೆ ಮುಗಿಯುತ್ತಿತ್ತು. ಎರಡು ದಿನ ಬಿಸಿನೀರ ಕೊಟ್ಟಗೆಯ ಒಲೆ ಉರಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಮಗುವಿನ ಮೈಯೊರಸಿ ಮಲಗಿಸಿದರು. ಸೆಕೆಗೆ ಮೈಯೆಲ್ಲ ಬೆವರುಸಾಲೆಯೆದ್ದು ಮಗು ರಾತ್ರಿಯಿಡೀ ಅತ್ತಿತು.

ಬೇಲಿಯಾಚೆಯ ಮನೆ

ನಮ್ಮ ತೋಟದ ಕೆಳಬದಿಯಲ್ಲಿ ಒಂದು ಮಾಪಿಳ್ಳೆ ಕುಟುಂಬವಿತ್ತು. ಆ ಮನೆಯ ಹಿರಿಯ ಹೆಂಗಸನ್ನು ಮಕ್ಕಳಾದ ನಾವೂ ಉಮ್ಮ ಎಂದೇ ಕರೆಯುತ್ತಿದ್ದೆವು. ಅವರ ಬಾವಿಯಲ್ಲಿ ಎಂತಹ ಬೇಸಗೆಯಲ್ಲಿಯೂ ನೀರು ಇರುತ್ತಿತ್ತೆಂಬುದು ಊರಿಗೆಲ್ಲ ಗೊತ್ತು. ಆದರೆ ನಾವು ಕೇಳುವಂತಿರಲಿಲ್ಲ. ಎರಡು ವರ್ಷಗಳಿಂದ ಎರಡೂ ಮನೆಗಳ ನಡುವೆ ಮಾತಿರಲಿಲ್ಲ.

ಕಾರಣವಿಷ್ಟೆ. ಬೇಲಿಯ ಮೇಲೆಯೇ ಒಂದು ಹಲಸಿನ ಮರ. ಬೇರು ನಮ್ಮ ಕಡೆಗೆ ಹೆಚ್ಚೆಂದು ಅಜ್ಜ, ಕೊಂಬೆ ತಮ್ಮ ಕಡೆಗೆ ಹೆಚ್ಚೆಂದು ಉಮ್ಮನ ಯಜಮಾನರು. ಮಾತಿಗೆ ಮಾತು ಬೆಳೆದು, ಅಳತೆಯವರನ್ನು ಕರೆಸುವವರೆಗೆ ಹೋಗಿ, ಕೊನೆಗೆ ಇಬ್ಬರೂ ಹಟದಿಂದ ಆ ಮರದ ಕಾಯಿಯನ್ನು ಮುಟ್ಟುವುದನ್ನೇ ಬಿಟ್ಟರು. ಎರಡು ಬೇಸಗೆಗಳ ಹಣ್ಣು ಬುಡದಲ್ಲಿಯೇ ಬಿದ್ದು ಕೊಳೆಯಿತು.

ಇದಕ್ಕಿಂತ ದೊಡ್ಡದಾದ ಇನ್ನೊಂದು ತಡೆಯನ್ನೂ ಮರೆಮಾಚದೆ ಹೇಳಬೇಕು. ನಮ್ಮದು ಮಡಿಯ ಮನೆ. ಅನ್ಯರ ಮನೆಯ ನೀರು ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವ ರೂಢಿ ಆ ಕಾಲದಲ್ಲಿರಲಿಲ್ಲ. ಉಮ್ಮನಿಗೂ ಅದು ಚೆನ್ನಾಗಿ ಗೊತ್ತಿತ್ತು.

ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಬೇಲಿಯ ಬಳಿ ಯಾರೋ ಕೆಮ್ಮಿದ ಸದ್ದು ಕೇಳಿಸಿತು. ಅಜ್ಜಿ ಲಾಟೀನು ಹಿಡಿದು ಹೋದರು. ನಾನು ಹಿಂದಿನಿಂದ ಹೋದೆ. ಉಮ್ಮ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡಪಾನ ಹೊತ್ತು ನಿಂತಿದ್ದರು. ಅವರ ಮನೆಯಲ್ಲಿ ಮಲಯಾಳ, ನಮ್ಮ ಮನೆಯಲ್ಲಿ ಹವ್ಯಕ ಕನ್ನಡ. ಬೇಲಿಯ ಬಳಿ ಇಬ್ಬರಿಗೂ ತುಳು.

"ನೀರ್ ಇಜ್ಜಾ?" ಎಂದು ಉಮ್ಮ ಕೇಳಿದರು. ಎರಡು ದಿನದಿಂದ ನಿಮ್ಮ ಬಿಸಿನೀರ ಕೊಟ್ಟಗೆಯಿಂದ ಹೊಗೆ ಏಳಲಿಲ್ಲ, ರಾತ್ರಿ ಮಗುವಿನ ಅಳು ನಮ್ಮಲ್ಲಿಗೂ ಕೇಳಿಸಿತು ಎಂದರು. ಅಷ್ಟು ಹೇಳಿ, ಕೊಡಪಾನಗಳನ್ನು ಬೇಲಿಯ ಬುಡದಲ್ಲಿಟ್ಟು, ದೂರ ಸರಿದು ನಿಂತರು. ನಾವು ತೆಗೆದುಕೊಳ್ಳದೆ ಹೋದರೆ ನೋಡಿದಂತಾಗಬಾರದೆಂದೋ ಏನೋ, ಮುಖವನ್ನು ತೋಟದ ಕಡೆಗೆ ತಿರುಗಿಸಿದ್ದರು.

ಅಜ್ಜಿ ಒಂದು ಗಳಿಗೆ ಸುಮ್ಮನೆ ನಿಂತರು. ಅನಂತರ ಲಾಟೀನನ್ನು ನನ್ನ ಕೈಗೆ ಕೊಟ್ಟು, ಬಾಗಿ, ಎರಡು ಕೊಡಪಾನಗಳನ್ನೂ ತಾವೇ ಎತ್ತಿಕೊಂಡರು. ಆ ದಿನ ಬಿಸಿನೀರ ಕೊಟ್ಟಗೆಯಲ್ಲಿ ಹೊಗೆಯೆದ್ದಿತು. ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಮಗು ಮಧ್ಯಾಹ್ನದವರೆಗೂ ಮಲಗಿ ನಿದ್ರಿಸಿತು.

ಮರುದಿನವೂ ನೀರು ಬಂತು. ಅದರ ಮರುದಿನವೂ ಬಂತು. ಮೊದಲೆರಡು ದಿನ ಆ ನೀರು ಸ್ನಾನಕ್ಕೆ ಮಾತ್ರ. ಮೂರನೆಯ ದಿನ ಕೆರೆಯ ನೀರು ಕೆಸರಾಗಿರಲು, ಅದೇ ನೀರಿನಲ್ಲಿ ಬಾಣಂತಿಯ ಗಂಜಿ ಬೆಂದಿತು. ಅಜ್ಜಿ ಯಾರನ್ನೂ ಕೇಳಲಿಲ್ಲ. ಅಜ್ಜಿಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮರಳಿ ಹೋದ ಕೊಡಪಾನ

ಮೊದಲ ದಿನ ಕೊಡಪಾನ ಮರಳಿಸಲು ನಾನು ಹೊರಟಾಗ ಅಜ್ಜಿ ತಡೆದರು. "ಖಾಲಿ ಪಾತ್ರೆ ಕೊಡ್ಲಾಗ, ಮಗಾ" ಎಂದರು. ಅದರೊಳಗೆ ಒಂದಚ್ಚು ಬೆಲ್ಲವನ್ನು ಬಾಳೆಲೆಯಲ್ಲಿ ಸುತ್ತಿ ಇಟ್ಟರು. ಎರಡನೆಯ ದಿನ ಒಂದು ಹಿಡಿ ಒಳ್ಳೆಮೆಣಸು. ಮೂರನೆಯ ದಿನ ಕೊಡಲು ಏನಿದೆಯೆಂದು ಅಡುಗೆಮನೆಯಲ್ಲೆಲ್ಲ ಹುಡುಕಿದವರು ಹೊರಗೆ ಬಂದು, ಬೇಲಿಯ ಮೇಲಿನ ಹಲಸಿನ ಮರವನ್ನೊಮ್ಮೆ ನೋಡಿದರು. ಜಗಲಿಯಲ್ಲಿ ಎಲೆಯಡಕೆ ಹಾಕುತ್ತಿದ್ದ ಅಜ್ಜನ ಕಿವಿಗೆ ಬೀಳುವಂತೆಯೇ ತೋಟದ ಕೆಲಸದವನನ್ನು ಕರೆದು ಹೇಳಿದರು: "ಆ ಮರದಲ್ಲಿ ಬಲಿತದ್ದನ್ನೆಲ್ಲ ಇಳಿಸು. ಅರ್ಧ ಇಲ್ಲಿಗೆ, ಅರ್ಧ ಅಲ್ಲಿಗೆ."

ಅಜ್ಜ ತಲೆಯೆತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಆ ವಾರ ಎರಡೂ ಮನೆಗಳ ಅಂಗಳಗಳಲ್ಲಿ ಒಂದೇ ಮರದ ಹಪ್ಪಳ ಒಣಗಿತು. ಉಮ್ಮನ ಮಗಳು ನಮ್ಮಲ್ಲಿ ಮಣೆ ಒತ್ತಲು ಬಂದಳು. ನಮ್ಮ ಚಿಕ್ಕಮ್ಮ ಅವರಲ್ಲಿಗೆ ಹೋದರು. ಜೂನ್ ಎರಡನೆಯ ವಾರ, ಮೃಗಶಿರೆ ಹಿಡಿದು, ಅಂತೂ ಮಳೆ ಬಂತು. ಚಾಪೆಗಳನ್ನು ಒಳಗೆಳೆಯಲು ನಾವು ಓಡುತ್ತಿರುವಾಗ ಬೇಲಿಯಾಚೆಯೂ ಅದೇ ಓಟ, ಅದೇ ಕೂಗು.

ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಅಡಕೆಗೆ ಮದ್ದು ಬಿಡುವವನು ಬಂದ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದು ಕೊಳೆರೋಗಕ್ಕೆ ಇಂದಿಗೂ ನಡೆದಿರುವ ಬೋರ್ಡೋ ಮದ್ದಿನ ಲೆಕ್ಕ. ಮಳೆಗಾಲದ ಮೊದಲಿಗೆ ಒಮ್ಮೆ, ಸುಮಾರು ನಲವತ್ತು ದಿನ ಕಳೆದು ಮತ್ತೊಮ್ಮೆ ಗೊನೆಗಳಿಗೆ ಬಿಡಬೇಕು. ಗಾಳಿಮಳೆಗೆ ಹರಡುವ ಆ ರೋಗಕ್ಕೆ ಬೇಲಿಯ ಲೆಕ್ಕವಿಲ್ಲ. ನಮ್ಮ ತೋಟದ ಕೆಲಸ ಮುಗಿದಾಗ ಅಜ್ಜ ಬೇಲಿಯ ತನಕ ನಡೆದು ಹೋದರು. ಎರಡು ವರ್ಷಗಳ ಮೇಲೆ ಆಚೆಯವರನ್ನು ಕೂಗಿ ಕರೆದರು. "ಮದ್ದಿನವನು ಇಲ್ಲಿಯೇ ಇದ್ದಾನೆ. ನಿಮ್ಮ ತೋಟಕ್ಕೂ ಕಳುಹಿಸಲೇ?" ಎಂದಷ್ಟೇ ಕೇಳಿದರು. ಮರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ಯಾರದೆಂದು ಇಂದಿಗೂ ತೀರ್ಮಾನವಾಗಿಲ್ಲ. ಹಣ್ಣು ಮಾತ್ರ ಅಂದಿನಿಂದ ಕೊಳೆಯಲಿಲ್ಲ.

ಇಂದಿನ ಡಬ್ಬಿ

ಗಡಿಯೆಂದರೇನೆಂದು ನಮ್ಮಂಥವರಿಗೆ ಯಾರೂ ಕಲಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ಅಜ್ಜಂದಿರು ಕುಳಿತ ಜಗಲಿಯಿಂದ ಏಳಲೂ ಇಲ್ಲ; ರೇಖೆಯೇ ಬಂದು ಹೋಯಿತು. ಭಾಷೆಯ ಹಕ್ಕು, ಶಾಲೆ, ಕಚೇರಿಯ ಕಾಗದಪತ್ರ ಇವುಗಳ ವಿಚಾರ ಬೇರೆ. ಅವುಗಳಿಗಾಗಿ ಕೇಳಬೇಕಾದುದನ್ನು ಕೇಳಲೇಬೇಕು. ಆದರೆ ನೆರೆಮನೆಯವರೊಡನೆ ಬದುಕುವ ಬಗೆಯನ್ನು ನಾನು ಕಲಿತದ್ದು ಆ ಕೊಡಪಾನದಿಂದ. ಉಮ್ಮ ನೀರು ತಂದುದು ದೊಡ್ಡದೇ. ಆದರೆ ಅಜ್ಜಿ ಅದನ್ನು ಬರಿದಾಗಿ ಮರಳಿಸಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಪಡೆದವರ ಮನಸ್ಸಿನಲ್ಲಿ ಋಣದ ಭಾರ, ಕೊಟ್ಟವರ ಮನಸ್ಸಿನಲ್ಲಿ ಕೊಟ್ಟೆನೆಂಬ ನೆನಪು ಉಳಿಯುತ್ತಿತ್ತು. ಒಂದಚ್ಚು ಬೆಲ್ಲ ಅದನ್ನು ಹಗುರಗೊಳಿಸಿತು.

ಇಂದು ಕಾಲ ಬದಲಾಗಿದೆ. ಗುಡ್ಡೆಯ ಮೇಲೆ ಕೊಳವೆಬಾವಿಗಳು ಬಂದಿವೆ. ನಮ್ಮ ಸುರಂಗದ ಬಾಯಿಯಲ್ಲಿ ಜರಿಗಿಡ ಬೆಳೆದಿದೆ. ಹಪ್ಪಳ ಅಂಗಡಿಯಲ್ಲಿ ಸಿಗುತ್ತದೆ. ಮಕ್ಕಳಿಗೆ ರಜೆಯಲ್ಲಿ ಕಾಗೆ ಓಡಿಸುವುದಕ್ಕಿಂತ ಬೇರೆ ಕೆಲಸಗಳಿವೆ. ಮೇ ತಿಂಗಳ ಕೊನೆಗೆ ಮೇಲ್ತರಗತಿಗೆ ಹೋದವರ ಪುಸ್ತಕಗಳಿಗೆ ಹೊಸ ಹೊದಿಕೆ ಹಾಕಿ ನೆರೆಮನೆಯ ಕಿರಿಯರಿಗೆ ಕೊಡುವ ಪದ್ಧತಿಯೂ ತೆರೆಮರೆಗೆ ಸರಿದಿದೆ. ಇದಕ್ಕೆಲ್ಲ ನಿಟ್ಟುಸಿರು ಬಿಡುತ್ತ ಕುಳಿತುಕೊಳ್ಳುವುದರಲ್ಲಿ ಅರ್ಥವಿಲ್ಲ. ಅರ್ಧ ಮೈಲು ನೀರು ಹೊತ್ತ ಅಮ್ಮನ ಸೊಂಟದ ನೋವನ್ನು ಕಂಡ ನಾನು ಕೊಳವೆಬಾವಿಯನ್ನು ಹಳಿಯಲಾರೆ.

ಆದರೂ ಕೆಲವು ಸಂಗತಿಗಳನ್ನು ಉಳಿಸಿಕೊಳ್ಳಬಹುದು. ಅವುಗಳಿಗೆ ಖರ್ಚೇನೂ ಇಲ್ಲ. ಹಲಸಿನ ಮರವಿಲ್ಲದ ಮನೆಗೆ ಒಂದು ಕಾಯಿಯನ್ನು ಕಳುಹಿಸಬಹುದು. ಮುದುಕರಿಬ್ಬರೇ ಇರುವ ಮನೆಯ ಮಾಡಿನ ಹಂಚು ಸರಿಯಿದೆಯೇ, ಕಟ್ಟಿಗೆ ಒಳಗಾಯಿತೇ ಎಂದು ಮಳೆಗೆ ಮೊದಲು ಹೋಗಿ ವಿಚಾರಿಸಬಹುದು. ಮದ್ದು ಬಿಡುವವನು, ಮರ ಹತ್ತುವವನು ನಮ್ಮಲ್ಲಿಗೆ ಬಂದ ದಿನ ನೆರೆಯವರಿಗೊಂದು ಮಾತು ತಿಳಿಸಬಹುದು. ಶಿಶುವಿರುವ ಮನೆಯಲ್ಲಿ ನೀರಿದೆಯೇ ಎಂದು, ಅವರು ಕೇಳುವ ಮೊದಲೇ, ಕೇಳಬಹುದು.

ಅಜ್ಜಿಯೂ ಉಮ್ಮನೂ ಈಗಿಲ್ಲ. ಅಂದು ಆ ನೀರಿನಲ್ಲಿ ಮಿಂದ ಮಗುವಿಗೆ ಇಂದು ಮೊಮ್ಮಗುವಿದೆ. ಕೊಡಪಾನಗಳ ಕಾಲ ಮುಗಿದು, ಎರಡು ಮನೆಗಳ ನಡುವೆ ಈಗ ಓಡಾಡುವುದು ಐಸ್‌ಕ್ರೀಮಿನ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿ. ಕಳೆದ ವರ್ಷ ಮೇ ಕೊನೆಗೆ ಅದರಲ್ಲಿ ನಮ್ಮಿಂದ ಮಾಂಬಳ ಹೋಗಿತ್ತು. ಮೊದಲ ಮಳೆಯ ಸಂಜೆ ಉಮ್ಮನ ಮೊಮ್ಮಗಳು ಕೊಡೆ ಹಿಡಿದು ಬಂದು ಡಬ್ಬಿಯನ್ನು ಮರಳಿಸಿದಳು. ಒಳಗೆ ಬೆಚ್ಚಗಿನ ಹಲಸಿನಹಣ್ಣಿನ ಕಡುಬು ಇತ್ತು.

"ಖಾಲಿ ಕೊಡಬಾರದೆಂದು ಅಜ್ಜಿ ಹೇಳುತ್ತಿದ್ದರಂತೆ" ಎಂದಳು. ಯಾವ ಅಜ್ಜಿ, ನಮ್ಮವರೋ ಅವರ ಮನೆಯವರೋ ಎಂದು ನಾನು ಕೇಳಲಿಲ್ಲ. ಈ ವರ್ಷ ಡಬ್ಬಿ ನಮ್ಮಲ್ಲಿಯೇ ಇದೆ. ಅಂಗಳದಲ್ಲಿ ಹಪ್ಪಳ ಒಣಗುತ್ತಿದೆ.