10.6 ಅಂದ್ರ ಹತ್ತ ಫೂಟ ಆರ ಇಂಚ ಅಲ್ಲ

ಮುರಗೋಡದ ಸುತ್ತಮುತ್ತ ಮನೆ ಕಟ್ಟಲು ಹೊರಟವರಲ್ಲಿ ಅನೇಕರು ಈಗ ಗೌಂಡಿಯನ್ನು ಮಾತಾಡಿಸುವ ಮೊದಲೇ ಮನೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿರುತ್ತಾರೆ. ಡಿಪ್ಲೊಮಾ ಓದುವ ಮಗನೋ ಮಗಳೋ ಸ್ವೀಟ್ ಹೋಮ್ 3ಡಿ ಅಥವಾ ಸ್ಕೆಚ್‌ಅಪ್ ತೆರೆದು, ಪಡಸಾಲೆ ಇಲ್ಲಿ, ದೇವರ ಕೋಣೆ ಅಲ್ಲಿ, ದನದ ಕೊಟ್ಟಿಗೆ ಹಿತ್ತಲಿಗೆ ಎಂದು ಬಣ್ಣ ಸಮೇತ ತೋರಿಸುತ್ತಾರೆ. ನೋಡಿದವರೆಲ್ಲ ಒಪ್ಪುತ್ತಾರೆ. ಗೋಡೆ ಎದ್ದ ಮೇಲೆ ತಕರಾರು ಶುರು: ಮಂಚ ಹಾಕಿದರೆ ಕಪಾಟಿನ ಬಾಗಿಲು ತೆರೆಯುವುದಿಲ್ಲ, ತೆರೆಯ ಮೇಲೆ ಕೋಣೆ ತುಂಬ ಬಿದ್ದಿದ್ದ ಬಿಸಿಲು ನಿಜದ ಕೋಣೆಗೆ ಇಣುಕುವುದೂ ಇಲ್ಲ. “ಸಾಫ್ಟ್‌ವೇರ್ ಬರೋಬರಿ ಇಲ್ಲ” ಎಂಬ ತೀರ್ಪು ಬೀಳುತ್ತದೆ. ಬಹುತೇಕ ಸಲ ಸಾಫ್ಟ್‌ವೇರ್ ತನಗೆ ಕೊಟ್ಟ ಅಂಕಿಯನ್ನೇ ನಂಬಿ ನಡೆದಿರುತ್ತದೆ. ಅಂಕಿ ಕೊಡದೆ ಬಿಟ್ಟ ಕಡೆ, ಅದನ್ನು ಮಾಡಿದವರ ಸೀಮೆಯ ಲೆಕ್ಕವನ್ನು ಹಾಕಿಕೊಂಡಿರುತ್ತದೆ.

“10.6 ಅಂತ ಹೊಡದ್ರ ಹತ್ತ ಫೂಟ ಆರ ಇಂಚ. ಅದರಾಗ ತಿಳ್ಕೊಳ್ಳೂದೇನೈತಿ?”

ಇದು ಎಲ್ಲಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ. ಗೌಂಡಿಯ ಚೀಟಿಯಲ್ಲಿ 10.6 ಎಂದರೆ ಹತ್ತು ಫೂಟು ಆರು ಇಂಚು ನಿಜ. ಅಲ್ಲಿ ಚುಕ್ಕಿ ಇರುವುದು ಫೂಟು ಇಂಚುಗಳನ್ನು ಬೇರ್ಪಡಿಸಲು. ಕಂಪ್ಯೂಟರಿಗೆ ಆ ಚುಕ್ಕಿ ದಶಮಾಂಶ. ಅದರ ಲೆಕ್ಕದಲ್ಲಿ 0.6 ಫೂಟು ಎಂದರೆ 7.2 ಇಂಚು. ಆರು ಇಂಚು ಬೇಕಿದ್ದರೆ 10.5 ಎಂದು ಬರೆಯಬೇಕು. ಇಲ್ಲಿಯ ಒಂದೂಕಾಲು ಇಂಚಿನ ತಪ್ಪು ಗಿಲಾವಿನಲ್ಲಿ ಮುಚ್ಚಿಹೋದೀತು. ಆದರೆ ಹತ್ತು ಫೂಟು ಹತ್ತು ಇಂಚನ್ನು ಚೀಟಿಯಲ್ಲಿದ್ದಂತೆ 10.10 ಎಂದು ಹೊಡೆದು ನೋಡಿ. ಕಂಪ್ಯೂಟರ್ ಅದನ್ನು 10.1 ಎಂದು ಓದುತ್ತದೆ, ಅಂದರೆ ಹತ್ತು ಫೂಟು ಒಂದು ಇಂಚು ಚಿಲ್ಲರೆ. ಹೆಚ್ಚೂಕಡಿಮೆ ಒಂಬತ್ತು ಇಂಚು ಮಾಯ, ಒಂದು ಇಟ್ಟಿಗೆ ಗೋಡೆಯ ದಪ್ಪದಷ್ಟು. ಚೀಟಿಯಲ್ಲಿ 10.9ಕ್ಕಿಂತ 10.10 ದೊಡ್ಡದು, ತೆರೆಯ ಮೇಲೆ ಅದೇ ಚಿಕ್ಕದು. ಚಿತ್ರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಎಲ್ಲವೂ ಚೆಂದವಾಗಿಯೇ ಕಾಣುತ್ತದೆ.

ಪರಿಹಾರ ಸರಳ. ಕೆಲಸ ಶುರು ಮಾಡುವ ಮೊದಲೇ ಅಳತೆಯ ಮಾನವನ್ನು ಆರಿಸಿಕೊಳ್ಳಿ. ಫೂಟು-ಇಂಚು ಆರಿಸಿದರೆ ಫೂಟಿಗೆ ಒಂದು ಗೀಟು, ಇಂಚಿಗೆ ಎರಡು ಗೀಟು ಹಾಕಿ 10'6" ಎಂದೇ ಬರೆಯಿರಿ. ಸ್ಕೆಚ್‌ಅಪ್ಪೂ ಸ್ವೀಟ್ ಹೋಮ್ 3ಡಿಯೂ ಅದನ್ನು ಒಪ್ಪುತ್ತವೆ. ಇಲ್ಲವೇ ಎಲ್ಲವನ್ನೂ ಸೆಂಟಿಮೀಟರಿಗೆ ಇಳಿಸಿ: ಒಂದು ಫೂಟಿಗೆ 30.48, ಹತ್ತೂವರೆ ಫೂಟಿಗೆ 320. ಅರ್ಧ ಮನೆ ಒಂದು ಮಾನದಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಬರೆದವರಿಗೆ ಸಹಾಯ ಮಾಡುವುದು ಕಷ್ಟ. ಹಿರಿಯರು ಮನೆಯ ಅಳತೆಯನ್ನು ಅಂಕಣದಲ್ಲಿ ಹೇಳಿದರೆ ಅದನ್ನೂ ಟೇಪು ಹಿಡಿದು ಅಳೆದೇ ಹಾಕಬೇಕು. ಅಂಕಣ, ಅಂದರೆ ಎರಡು ತೊಲೆಗಳ ನಡುವಿನ ಜಾಗ, ಪ್ರತಿ ಮನೆಯಲ್ಲೂ ಒಂದೇ ಇರುವುದಿಲ್ಲ.

ಗುಂಟೆಯ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಒಂದು ಗುಂಟೆ ಎಂದರೆ 33ಕ್ಕೆ 33 ಫೂಟು, 1,089 ಚದರ ಫೂಟು. 30–40ರ ಪ್ಲಾಟು 1,200 ಚದರ ಫೂಟು. “ಒಂದ ಗುಂಟಿ ಅಂದ್ರ ಥರ್ಟಿ ಫಾರ್ಟಿನ” ಎಂದುಕೊಂಡು ನಕ್ಷೆ ಬರೆದರೆ 111 ಚದರ ಫೂಟು ನಿಮ್ಮದಲ್ಲದ ಜಾಗದಲ್ಲಿ ಕೂತಿರುತ್ತದೆ.

“30–40 ಅಂದ್ಮ್ಯಾಲ ಮೂಲಿ ಸರಿನ ಇರ್ತಾವ”

ಲೇಔಟಿನ ಹೊಸ ಪ್ಲಾಟಿನಲ್ಲಿ ಇದ್ದಾವು. ಊರೊಳಗಿನ ಹಳೆಯ ಜಾಗದಲ್ಲಿ ಅಪರೂಪ. ನಾಲ್ಕೂ ಬದಿ ಅಳೆದು ಸಾಫ್ಟ್‌ವೇರಿಗೆ ಕೊಟ್ಟರೆ ಸಾಲದು, ಅದೇ ನಾಲ್ಕು ಬದಿಗಳಿಂದ ಸೊಟ್ಟ ಆಕಾರವೂ ಆಗುತ್ತದೆ. ಅಡ್ಡ ಕರ್ಣವನ್ನು ಅಳೆಯಿರಿ. 30 ಮತ್ತು 40ರ ಜಾಗ ನಿಜವಾಗಿ ಮೂಲೆಮಟ್ಟಕ್ಕಿದ್ದರೆ ಎರಡೂ ಕರ್ಣ ಸರಿಯಾಗಿ 50 ಫೂಟು ಬರಬೇಕು. ಗೌಂಡಿಗಳು ಪಾಯ ಗುರುತಿಸುವಾಗ ಹಗ್ಗದಲ್ಲಿ ಹಿಡಿಯುವ 3-4-5ರ ಲೆಕ್ಕವೇ ಇದು. ಒಂದು ಕರ್ಣ 50 ಮೀರಿ ಇನ್ನೊಂದು ಒಳಗೆ ಬಂದರೆ ಜಾಗ ವಾಲಿದೆ ಎಂದರ್ಥ. ಆಗ ನಾಲ್ಕು ಬದಿ ಮತ್ತು ಒಂದು ಕರ್ಣದಿಂದ ಎರಡು ತ್ರಿಕೋನ ಬರೆದು ಗಡಿಯನ್ನು ಮೊದಲು ಕೂಡಿಸಿ, ಗೋಡೆ ಆಮೇಲೆ.

ಗೋಡೆಯ ದಪ್ಪವೂ ಮೋಸ ಮಾಡುತ್ತದೆ. ಸ್ವೀಟ್ ಹೋಮ್ 3ಡಿ ಸುಮ್ಮನೆ ಎಳೆದ ಗೋಡೆಗೆ ತಾನೇ ಕೊಡುವ ದಪ್ಪ ಏಳೂವರೆ ಸೆಂಟಿಮೀಟರ್, ಮೂರೇ ಇಂಚು. ನಮ್ಮಲ್ಲಿ ಇಟ್ಟಿಗೆ ಗೋಡೆ ಒಂಬತ್ತು ಇಂಚು, ಹಳೆಯ ಕಲ್ಲು-ಮಣ್ಣಿನ ಗೋಡೆ ಒಂದೂವರೆ ಫೂಟು, ಕೆಲವು ಕಡೆ ಅದಕ್ಕೂ ಹೆಚ್ಚು. ಈ ಸಾಫ್ಟ್‌ವೇರ್ ಗೋಡೆಯನ್ನು ನಡುಗೆರೆಯ ಮೇಲೆ ಎಳೆದು ದಪ್ಪವನ್ನು ಎರಡೂ ಬದಿಗೆ ಹಂಚುತ್ತದೆ. ಹತ್ತು ಫೂಟಿನ ಅಂತರದಲ್ಲಿ ಎರಡು ಗೋಡೆ ಎಳೆದು ಆಮೇಲೆ ದಪ್ಪವನ್ನು ಒಂಬತ್ತು ಇಂಚಿಗೆ ಏರಿಸಿದರೆ ಒಳಗೆ ಉಳಿಯುವುದು ಒಂಬತ್ತು ಫೂಟು ಮೂರು ಇಂಚು. ಮಂಚ-ಕಪಾಟಿನ ಜಗಳ ಹುಟ್ಟುವುದು ಇಲ್ಲೇ.

ಸಣ್ಣ ದೂರೊಂದು: “ಬಾಗಲಾ ಇಟ್ಟೆ, ಗ್ವಾಡಿ ಕತ್ತರಸಲಿಲ್ಲ.” ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಕೆತ್ತನೆ ಬಾಗಿಲಿನ ಮಾದರಿಯನ್ನು ಸೇರಿಸುವಾಗ ಅದು ಬಾಗಿಲು ಅಥವಾ ಕಿಟಕಿ ಎಂಬ ಗುರುತು ಹಾಕದಿದ್ದರೆ, ಸಾಫ್ಟ್‌ವೇರಿನ ಮಟ್ಟಿಗೆ ಅದು ಗೋಡೆಗೆ ಆನಿಸಿಟ್ಟ ಕಪಾಟು. ಗುರುತು ಹಾಕಿದರೆ ಗೋಡೆ ತಾನಾಗಿ ತೆರೆಯುತ್ತದೆ. ಕೋಣೆಗೆ ನೆಲ ತುಂಬುತ್ತಿಲ್ಲವೇ? ಗೋಡೆಗಳು ಎಲ್ಲೋ ಒಂದು ಮೂಲೆಯಲ್ಲಿ ಕೂಡಿಲ್ಲ. ಚಿತ್ರವನ್ನು ಹಿಗ್ಗಿಸಿ ಹುಡುಕಿ.

“ಉತ್ತರದ ಗ್ವಾಡಿಗೆ ಬಿಸಿಲ ಬೀಳೂದಿಲ್ಲ, ಸಾಫ್ಟ್‌ವೇರಿನ್ಯಾಗೂ ಹಂಗ ತೋರಸ್ತದ”

ತೋರಿಸುತ್ತದೆ, ಏಕೆಂದರೆ ಆ ಬಿಸಿಲು ನಮ್ಮದಲ್ಲ. ಸ್ಕೆಚ್‌ಅಪ್ಪಿಗೆ ಊರು ಯಾವುದೆಂದು ಹೇಳದಿದ್ದರೆ ಅದು ಮನೆಯನ್ನು ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್ ಪಟ್ಟಣದಲ್ಲಿ ಇಟ್ಟುಕೊಳ್ಳುತ್ತದೆ. ಆ ಸಾಫ್ಟ್‌ವೇರ್ ಹುಟ್ಟಿದ್ದು ಅಲ್ಲಿಯೇ. ಬೋಲ್ಡರ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮುರಗೋಡ ಸುಮಾರು 16ರಲ್ಲಿ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ನಮ್ಮಲ್ಲಿ ಮೇ ತಿಂಗಳ ಮೊದಲ ವಾರ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಲ್ಲಿ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಜೂನ್ ಆದ ಮೇಲೆ ಮೋಡ ಅಡ್ಡ ಬರುತ್ತದೆ, ಮೇ ತಿಂಗಳ ಬಿಸಿಲಿಗೆ ಅಡ್ಡ ಬರುವುದು ಏನೂ ಇಲ್ಲ. ಬೇಸಿಗೆಯಲ್ಲಿ ಬೆಳಗು-ಸಂಜೆಯ ಓರೆ ಬಿಸಿಲಂತೂ ಉತ್ತರದ ಗೋಡೆಗೆ ನೇರ ತಾಗುತ್ತದೆ.

ಛಜ್ಜದ ಲೆಕ್ಕದಲ್ಲಿ ಇದರ ಪರಿಣಾಮ ನೋಡಿ. ದಕ್ಷಿಣದ ಕಿಟಕಿಯ ಮೇಲೆ ಎರಡು ಫೂಟು ಛಜ್ಜ ಇದೆ ಎನ್ನೋಣ. ಡಿಸೆಂಬರ್ ಕೊನೆಯ ನಡುಹಗಲು ಬೋಲ್ಡರ್‌ನಲ್ಲಿ ಸೂರ್ಯ 27 ಡಿಗ್ರಿಯಷ್ಟೇ ಏರುತ್ತಾನೆ, ಛಜ್ಜದ ನೆರಳು ಗೋಡೆಯ ಮೇಲೆ ಒಂದೇ ಫೂಟು ಇಳಿಯುತ್ತದೆ, ಕೋಣೆ ತುಂಬ ಬಿಸಿಲು. ಮುರಗೋಡದಲ್ಲಿ ಅದೇ ಹೊತ್ತಿಗೆ ಸೂರ್ಯ 51 ಡಿಗ್ರಿ ಎತ್ತರದಲ್ಲಿರುತ್ತಾನೆ, ನೆರಳು ಎರಡೂವರೆ ಫೂಟಿನ ಹತ್ತಿರ ಇಳಿದು ಕಿಟಕಿಯ ಬಹುಭಾಗವನ್ನು ಮುಚ್ಚುತ್ತದೆ. ತೆರೆಯ ಮೇಲಿನ ಬಿಸಿಲು ನಂಬಿ ಛಜ್ಜ ಹಾಕಿದವರ ಕೋಣೆ ಚಳಿಗಾಲದಲ್ಲಿ ಕತ್ತಲಾಗುವುದು ಹೀಗೆ.

ಸರಿಪಡಿಸಲು ಎರಡು ನಿಮಿಷ ಸಾಕು. ಸ್ವೀಟ್ ಹೋಮ್ 3ಡಿಯಲ್ಲಿ ನಕ್ಷೆಯ ಮೇಲಿನ ದಿಕ್ಸೂಚಿಯನ್ನು ಎರಡು ಸಲ ಒತ್ತಿದರೆ ಅಕ್ಷಾಂಶ, ರೇಖಾಂಶ, ಸಮಯ ವಲಯ ಮತ್ತು ಉತ್ತರದ ಕೋನ ಕೇಳುತ್ತದೆ: 15.9, 74.9, ಭಾರತದ ಸಮಯ. ಸ್ಕೆಚ್‌ಅಪ್ಪಿನಲ್ಲಿ ಸ್ಥಳ ಸೇರಿಸುವ ಆಯ್ಕೆ ಇದೆ, ಅಲ್ಲಿ ಹಸಿರು ಅಕ್ಷವೇ ಉತ್ತರ. ತೆರೆಯ ಮೇಲ್ಭಾಗ ಉತ್ತರ ಎಂದುಕೊಂಡು ಪೂರ್ವದ ಬಾಗಿಲು ಇಟ್ಟವರು ಇದನ್ನೊಮ್ಮೆ ನೋಡಲಿ. ಉತ್ತರ ಗುರುತಿಸಲು ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಬೈಕಿನ ಪಕ್ಕ, ಸರಳಿನ ರಾಶಿಯ ಪಕ್ಕ ನಿಂತು ನೋಡಬೇಡಿ. ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ಇನ್ನೊಂದು ಮಾತು: ನಮ್ಮ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ಇಲ್ಲಿ ನಿಜವಾದ ನಡುಹಗಲು ಸುಮಾರು ಹನ್ನೆರಡೂವರೆಗೆ.

“ಸಾಫ್ಟ್‌ವೇರ್ ಒಪ್ಪಿಕೊಂಡೈತಿ ಅಂದ್ಮ್ಯಾಲ ಮನಿ ಗಟ್ಟಿನ”

ಒಪ್ಪುವುದು, ಬಿಡುವುದು ಇಂಥ ಸಾಫ್ಟ್‌ವೇರಿನ ಕೆಲಸವೇ ಅಲ್ಲ. ನಡುಗಂಬ ಅಳಿಸಿಹಾಕಿ, ಮೇಲಿನ ಮಹಡಿ ಗಾಳಿಯಲ್ಲಿ ನಿಂತೇ ಇರುತ್ತದೆ. ಅದಕ್ಕೆ ಭಾರ ಗೊತ್ತಿಲ್ಲ, ಮಣ್ಣು ಗೊತ್ತಿಲ್ಲ. ಬೈಲಹೊಂಗಲ, ಸವದತ್ತಿ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಪಾಯವನ್ನು ಎತ್ತುವುದೂ ಇಳಿಸುವುದೂ ಅದೇ. ಇದಕ್ಕೆ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡುವುದು, ನೆಲಮಟ್ಟದಲ್ಲಿ ಸುತ್ತ ಕಾಂಕ್ರೀಟ್ ಬೀಮು ಕಟ್ಟುವುದು, ಇಲ್ಲವೇ ತಳದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಹಸಿಯ ಏರಿಳಿತ ತಾಗದ ಆಳಕ್ಕೆ ಇಳಿಸುವುದು ಎಂಬ ದಾರಿಗಳಿವೆ. ಈ ಕಂಬದ ಪದ್ಧತಿಯನ್ನು ಎರೆಮಣ್ಣಿಗೆಂದೇ ಬೆಳೆಸಿದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಯಾವುದು ಬೇಕೆಂದು ಹೇಳುವವರು ಮಣ್ಣು ನೋಡಿದ ಇಂಜಿನಿಯರ್.

ನೀರಿನ ಮಟ್ಟವೂ ಹಾಗೆಯೇ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಮುನವಳ್ಳಿ, ರಾಮದುರ್ಗದ ಕಡೆ ಎಷ್ಟು ಮನೆ ಕುಸಿದವೆಂದು ನೋಡಿದವರಿಗೆ ಗೊತ್ತು. ಸಾಫ್ಟ್‌ವೇರಿನಲ್ಲಿ ನೆಲ ಎಂದರೆ ಸೊನ್ನೆ, ಅಂಗಳವೂ ಸೊನ್ನೆ, ಪಡಸಾಲೆಯೂ ಸೊನ್ನೆ. ಹೊಳೆಸಾಲಿನವರು ಮನೆಯ ನೆಲದ ಮಟ್ಟವನ್ನು ಬೇಕಾದಷ್ಟು ಮೇಲಕ್ಕೆ ಏರಿಸಿ, ಕಟ್ಟೆ-ಮೆಟ್ಟಿಲನ್ನೂ ಬರೆದರೆ ಮಾತ್ರ ಮೆಟ್ಟಿಲು ಎಷ್ಟು ಜಾಗ ತಿನ್ನುತ್ತದೆಂದು ತಿಳಿಯುತ್ತದೆ. ಕಿತ್ತೂರಿನ ಮಳೆಗೆ ಬರೆದ ಮಾಡನ್ನು ಒಣ ರಾಮದುರ್ಗಕ್ಕೆ, ರಾಮದುರ್ಗದ ಸಪಾಟು ಛತ್ತನ್ನು ಕಿತ್ತೂರಿಗೆ ಹಾಗೇ ಎತ್ತಿ ಕೊಡುವವರಿಗೂ ಇದೇ ಮಾತು: ಸಾಫ್ಟ್‌ವೇರಿಗೆ ಮಳೆಯೂ ಗೊತ್ತಿಲ್ಲ.

ಪಂಚಾಯತಿಯ ಪರವಾನಿಗೆಯೂ ಬೇರೆ ವಿಷಯ. ಬಣ್ಣದ ಚಿತ್ರ ಎಷ್ಟು ಚೆಂದವಿದ್ದರೂ ಕಟ್ಟಡದ ಅನುಮತಿ ಅಲ್ಲ. ಇ-ಸ್ವತ್ತಿನ ನಮೂನೆ 9ರಲ್ಲಿರುವ ಅಳತೆಗೂ ನಿಮ್ಮ ನಕ್ಷೆಯ ಅಳತೆಗೂ ತಾಳೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

“ಭಾಳ ಸಾವಕಾಶ ನಡದೈತಿ, ಹೊಸಾ ಲ್ಯಾಪ್‌ಟಾಪ್ ತೊಗೋಬೇಕು”

ಹಣ ಕೊಡುವ ಮುಂಚೆ ಸೋಫಾ ತೆಗೆದು ನೋಡಿ. ಇಂಟರ್‌ನೆಟ್ಟಿನಿಂದ ಇಳಿಸಿದ ಒಂದು ಸೋಫಾದಲ್ಲಿ, ಒಂದು ಹೂಕುಂಡದಲ್ಲಿ ಇಡೀ ಮನೆಗಿಂತ ಹೆಚ್ಚು ಗೆರೆಗಳಿರಬಹುದು. ಸ್ಕೆಚ್‌ಅಪ್ಪಿನಲ್ಲಿ ಅಳಿಸಿದ ವಸ್ತುವೂ ಕಡತದೊಳಗೆ ಉಳಿದಿರುತ್ತದೆ, ಬಳಸದ್ದನ್ನು ಹೊರಹಾಕುವ ಆಜ್ಞೆ ಬೇರೆ ಇದೆ. 3ಡಿ ಕಿಟಕಿ ಕಪ್ಪಗೆ ಅಥವಾ ಖಾಲಿ ಕಂಡರೆ ಸಾಮಾನ್ಯವಾಗಿ ಕಾರಣ ಹಳೆಯ ಗ್ರಾಫಿಕ್ಸ್ ಡ್ರೈವರ್. ಕರೆಂಟು ಹೋಗಿ ಕೆಲಸ ಕಳೆದುಕೊಂಡವರೂ ಕೂಡಲೇ ಕೈಬಿಡಬೇಕಿಲ್ಲ. ಆಟೋಕ್ಯಾಡ್ ಮೂಲ ಕಡತದ ಪಕ್ಕದಲ್ಲೇ ಬಿಎಕೆ ಎಂಬ ಬಾಲವಿರುವ ಪ್ರತಿ ಇಡುತ್ತದೆ. ಆ ಬಾಲವನ್ನು ಡಿಡಬ್ಲ್ಯೂಜಿ ಎಂದು ಬದಲಿಸಿದರೆ ಹಿಂದಿನ ಸಲ ಉಳಿಸಿದ್ದು ತೆರೆಯುತ್ತದೆ. ಸ್ಕೆಚ್‌ಅಪ್ಪಿನಲ್ಲೂ ಅಂಥ ಪ್ರತಿ ಉಂಟು, ಹಲವು ಆವೃತ್ತಿಗಳಲ್ಲಿ ಅದರ ಬಾಲ ಎಸ್‌ಕೆಬಿ.

ಕನ್ನಡದಲ್ಲಿ ಬರೆದ ಕೋಣೆಯ ಹೆಸರು ಬೇರೆಯವರ ಕಂಪ್ಯೂಟರಿನಲ್ಲಿ ಚೌಕ, ಪ್ರಶ್ನಾರ್ಥಕ ಚಿಹ್ನೆ, ಇಲ್ಲವೇ ಅರ್ಥವಿಲ್ಲದ ಅಕ್ಷರವಾಗಿ ಕಂಡರೆ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ ಎಂದಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಕಡೆ ಓದಲು ಬರುವುದಿಲ್ಲ. ಯೂನಿಕೋಡಿನಲ್ಲಿ ಬರೆಯಿರಿ, ಆಟೋಕ್ಯಾಡಿನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟು ಆರಿಸಿ, ಕೊಡುವಾಗ ಪಿಡಿಎಫ್ ಕೊಡಿ.

“ಪ್ರಿಂಟ್ ತಗದ್ವಿ, ಪಟ್ಟಿ ಹಿಡದು ಅಳದ್ರಾತು”

ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸುವ ಆಯ್ಕೆ ತಾನಾಗಿಯೇ ಹಾಕಿರುವುದುಂಟು. ಆಗ ಹಾಳೆ ತುಂಬುತ್ತದೆ, ಅಳತೆಯ ಪ್ರಮಾಣ ಕೆಡುತ್ತದೆ. ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಹೋದ ನಕ್ಷೆ ಇನ್ನೂ ಕುಗ್ಗಿ, ಅಂಕಿಗಳು ಮಸುಕಾಗಿ ಬರುತ್ತವೆ, 8 ಯಾವುದು 3 ಯಾವುದು ತಿಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ. 30–40ರ ನಕ್ಷೆ 1:50ರ ಪ್ರಮಾಣದಲ್ಲಿ ಎ4 ಹಾಳೆಯೊಳಗೇ ಹಿಡಿಯುತ್ತದೆ, ಅಗಲ 18.3 ಸೆಂಟಿಮೀಟರ್, ಉದ್ದ 24.4. ಪ್ರಿಂಟ್ ಹಾಕುವಾಗ ನಿಜ ಅಳತೆ ಆರಿಸಿ, ಪ್ರತಿ ಕೋಣೆಯ ಒಳ ಅಳತೆಯನ್ನು ಫೂಟು-ಇಂಚಿನಲ್ಲಿ ಅಕ್ಷರವಾಗಿಯೇ ಬರೆಯಿರಿ. ಹಾಳೆ ಕೈಗೆ ಬಂದ ಮೇಲೆ ಅಂಗಡಿಯಲ್ಲೇ ಶಾಲೆಯ ಸ್ಕೇಲು ಹಿಡಿದು 30 ಫೂಟಿನ ಬದಿಯನ್ನು ಅಳೆಯಿರಿ. 18.3 ಬರದಿದ್ದರೆ ಆ ಹಾಳೆ ಗೌಂಡಿಯ ಕೈಗೆ ಹೋಗಬಾರದು.