ಚಿತ್ತಾರದ ಬುಟ್ಟಿಯೂ ಸೌತೆಕಾಯಿಯ ಕಡುಬೂ

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಹೇಳಿದಾಗ ನಾನು ಮೊದಲು ಹಳಗನ್ನಡ ಕಾವ್ಯವೊಂದರ ಮೇಲೆ ಪ್ರಬಂಧ ಬರೆಯಲು ಹೊರಟೆ. ಎರಡು ಪುಟ ಬರೆದೂ ಆಯಿತು. ಓದಿ ನೋಡಿದರೆ ಅದರಲ್ಲಿ ನನ್ನದೆಂಬ ಮಾತು ಒಂದೂ ಇರಲಿಲ್ಲ. ಹರಿದುಹಾಕಿ, ನಾನು ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ಹಿಡಿದು ಕುಳಿತಿದ್ದೇನೆ: ಒಂದು, ನನ್ನ ಗೆಳತಿ ಬರೆಯುವ ಚಿತ್ತಾರ, ಇನ್ನೊಂದು, ಭೂಮಿ ಹುಣ್ಣಿಮೆಯ ರಾತ್ರಿ ನಮ್ಮ ಮನೆಯವರೆಲ್ಲ ಕೂಡಿ ಬೇಯಿಸುವ ಸೌತೆಕಾಯಿಯ ಕಡುಬು. ಇವೆರಡಕ್ಕೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿದರೆ ತಿಳಿದೀತು.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಾವು ದೀವರು; ಗದ್ದೆ ಬೇಸಾಯದವರು. ಆಶ್ವಯುಜ ಮಾಸದ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ. ಆ ವೇಳೆಗೆ ಬತ್ತದ ಪೈರು ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಆಗ ಬಸುರಿಯೆಂದೂ ಅವಳ ಬಯಕೆಯನ್ನು ತೀರಿಸಬೇಕೆಂದೂ ನಮ್ಮ ಹಿರಿಯರ ನಂಬಿಕೆ. ಬಸುರಿಗೆ ಬಯಕೆಯೂಟ ಹಾಕುವಂತೆ ಗದ್ದೆಗೆ ಊಟ ಒಯ್ಯುತ್ತೇವೆ. ಹೆಂಗಸರು ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಅದನ್ನು ಬುಟ್ಟಿಯಲ್ಲಿಟ್ಟು ಗದ್ದೆಗೆ ಹೊತ್ತು ನಡೆಯುತ್ತೇವೆ. ಆ ಬುಟ್ಟಿಗೆ ಭೂಮಣ್ಣಿ ಬುಟ್ಟಿಯೆಂದು ಹೆಸರು. ಅದು ಬರಿಯ ಬಿದಿರ ಬುಟ್ಟಿಯಾಗಿ ಹೋಗಬಾರದು. ಅದರ ಮೈತುಂಬ ಚಿತ್ತಾರವಿರಬೇಕು.

ಚಿತ್ತಾರವನ್ನು ರಂಗೋಲಿಯ ಒಂದು ಬಗೆಯೆಂದು ತಿಳಿದವರನ್ನು ನಮ್ಮ ವಿದ್ಯಾರ್ಥಿನಿಲಯದಲ್ಲಿಯೇ ನಾನು ಕಂಡಿದ್ದೇನೆ. ರಂಗೋಲಿ ನೆಲದ ಮೇಲೆ ಪುಡಿಯಿಂದ ಹಾಕುವಂಥದು. ಚಿತ್ತಾರವನ್ನು ಗೋಡೆಯ ಮೇಲೆ, ಬುಟ್ಟಿಯ ಮೇಲೆ ಕುಂಚದಿಂದ ಬರೆಯುತ್ತಾರೆ. ಮದುವೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆದದ್ದು ಹಸೆ ಚಿತ್ತಾರ; ಅದು ದೊಡ್ಡದು. ಬುಟ್ಟಿಯದು ಚಿಕ್ಕದಾದರೂ ಉಬ್ಬಿದ ಮೈಯ ಮೇಲೆ ಗೆರೆ ಎಳೆಯಬೇಕಾದುದರಿಂದ ಕಷ್ಟದಲ್ಲಿ ಅದೇನೂ ಕಡಿಮೆಯಲ್ಲ.

ಬಣ್ಣಗಳು ನಾಲ್ಕೇ. ಬುಟ್ಟಿಗೆ ಸಗಣಿ ಬಳಿದು ಸಂದು ಮುಚ್ಚಿ, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿದರೆ ಕೆಂಪು ನೆಲ ಸಿದ್ಧವಾಯಿತು. ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದದ್ದು ಬಿಳುಪು. ಅದೇ ಅಕ್ಕಿಯನ್ನು ಕರಿಯಾಗುವಂತೆ ಹುರಿದು ಅರೆದರೆ ಕಪ್ಪು. ಗುರಿಗೆ ಮರದ ಬೀಜವನ್ನು ನೆನೆಹಾಕಿ ತೆಗೆದದ್ದು ಹಳದಿ. ಕುಂಚವೆಂದರೆ ಪುಂಡಿಯ ನಾರು. ಬೇಕಾದ ದಪ್ಪಕ್ಕೆ ನಾರನ್ನು ಜೋಡಿಸಿ ಕಟ್ಟಿಕೊಳ್ಳುತ್ತಾರೆ. ಇಷ್ಟಕ್ಕೆಲ್ಲ ಪೇಟೆಗೆ ಹೋಗಬೇಕಾದ ಖರ್ಚಿಲ್ಲ.

ಈ ಕಲೆಯ ಜೀವವೆಲ್ಲ ‘ಎಳೆ’ಯಲ್ಲಿದೆ. ಗೆರೆಗೆ ನಮ್ಮವರು ಎಳೆಯೆನ್ನುತ್ತಾರೆ, ನೂಲಿನ ಎಳೆಯೆಂಬಂತೆ. ಎಳೆಯ ಪಕ್ಕದಲ್ಲಿ ಎಳೆ, ನಡುವೆ ಅಷ್ಟೇ ಅಗಲದ ಸಂದು. ಒಂದರ ಮೇಲೊಂದು ಹಾಯ್ದರೆ ಚೌಕ, ಓರೆಯಾಗಿ ಹಾಯ್ದರೆ ಹೆಣಿಗೆ. ಜೋಗಿ ಜಡೆ ಎಂಬುದೊಂದು ನಮೂನೆಯಿದೆ; ಹೆಸರೇ ಹೇಳುವಂತೆ ಜಡೆ ಹೆಣೆದ ಹಾಗೆ. ನನ್ನ ಗೆಳತಿ ಅದನ್ನು ಬರೆಯುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಅಡಿಪಟ್ಟಿಯನ್ನು ಅವಳು ಮುಟ್ಟುವುದಿಲ್ಲ. ಹೊರಗಿನ ಕಟ್ಟು ಮೊದಲು. ಅದನ್ನು ಕಣ್ಣಳತೆಯಿಂದಲೇ ಅರ್ಧ ಮಾಡುತ್ತಾಳೆ, ಅರ್ಧವನ್ನು ಮತ್ತೆ ಅರ್ಧ. ಆಮೇಲೆ ಎಣಿಕೆ. ತುಟಿ ಅಲ್ಲಾಡುತ್ತಿರುತ್ತದೆ, ಆಗ ಮಾತನಾಡಿಸಿದರೆ ಉತ್ತರ ಬರುವುದಿಲ್ಲ. ಮೊದಲ ಮೂಲೆಯಲ್ಲಿ ಒಂದು ಎಳೆ ತಪ್ಪಿದರೆ ಅಲ್ಲಿ ಯಾರಿಗೂ ಕಾಣುವುದಿಲ್ಲ, ನಾಲ್ಕನೆಯ ಮೂಲೆಗೆ ಬಂದಾಗ ಹೆಣಿಗೆ ಕೂಡುವುದಿಲ್ಲ. ಆಗ ಒರೆಸಿ ಮೊದಲಿನಿಂದ. ನನಗೂ ಕಲಿಸಲು ನೋಡಿದಳು. ಮೂರು ಸಲವೂ ನಾಲ್ಕನೆಯ ಮೂಲೆಯಲ್ಲಿ ನನ್ನ ಮಾನ ಹೋಯಿತು. ಇತಿಹಾಸದ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದವಳು ನಾನು. ಇಪ್ಪತ್ತು ಎಳೆಯ ಲೆಕ್ಕ ಹಿಡಿದಿಡಲಾರದೆ ಹೋದೆ.

ಇವಳಿಗೆ ಈ ವಿದ್ಯೆ ಬಂದದ್ದು ಅಜ್ಜಿಯಿಂದ. ಆ ಅಜ್ಜಿ ಹುಟ್ಟಿದ ಊರು ಇಂದು ಶರಾವತಿಯ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ನೀರು ಏರುವ ಮೊದಲು ಊರು ಬಿಟ್ಟ ಸಾವಿರಾರು ಮಂದಿಯಲ್ಲಿ ಇವರ ಮನೆಯವರೂ ಇದ್ದರು. ಅಜ್ಜಿ ಆಗ ಹತ್ತು ಹನ್ನೊಂದರ ಹುಡುಗಿ. ಬಾಗಿಲು, ತೊಲೆ, ಹೆಂಚು ಎಲ್ಲವನ್ನೂ ಬಿಚ್ಚಿಕೊಂಡು ಗಾಡಿಗೆ ಹೇರಿದರಂತೆ. ಗೋಡೆಯನ್ನು ಹೇರುವುದು ಹೇಗೆ? ಅವಳ ತಾಯಿ ಬರೆದ ಹಸೆ ಚಿತ್ತಾರ ಗೋಡೆಯ ಮೇಲೆಯೇ ಉಳಿಯಿತು. ಭೂಮಣ್ಣಿ ಬುಟ್ಟಿ ಮಾತ್ರ ಅವಳ ತಲೆಯ ಮೇಲೆ ಬಂತು. ಹೊಸ ಊರಿನಲ್ಲಿ ಆ ಬುಟ್ಟಿಯನ್ನು ಎದುರಿಗಿಟ್ಟುಕೊಂಡು, ಬುಟ್ಟಿಯ ಎಳೆಗಳನ್ನು ನೋಡಿ ನೋಡಿ ಗೋಡೆಗೆ ಬರೆಯಲು ತಾನು ಕಲಿತೆನೆಂದು ಅಜ್ಜಿ ಹೇಳುತ್ತಾರೆ. ಇದನ್ನು ಹೇಳುವಾಗ ಅವರು ಅತ್ತದ್ದನ್ನು ನಾನು ನೋಡಿಲ್ಲ; ಆ ಊರಿನ ಕೆಮ್ಮಣ್ಣಿನ ಬಣ್ಣ ಇಲ್ಲಿಯದಕ್ಕಿಂತ ಚೆನ್ನಾಗಿತ್ತೆಂದು ಮಾತ್ರ ಗೊಣಗುತ್ತಾರೆ.

ಈಗ ಅಜ್ಜಿಯ ಕೈ ನಡುಗುತ್ತದೆ. ಕಳೆದ ವೈಶಾಖದಲ್ಲಿ ಪಕ್ಕದ ಊರಿನ ಮದುವೆಮನೆಯಿಂದ ಹಸೆ ಬರೆಯಲು ಕರೆ ಬಂದಾಗ ಗೆಳತಿ ಮೊಟ್ಟಮೊದಲು ಒಬ್ಬಳೇ ಹೋಗಿ ಬರೆದಳು. ಮೂರು ದಿನದ ಕೆಲಸ. ವೀಳ್ಯ, ಅಡಿಕೆ, ತೆಂಗಿನಕಾಯಿ, ಒಂದು ಕುಪ್ಪಸದ ಕಣ ಕೊಟ್ಟು ಮರ್ಯಾದೆ ಮಾಡಿ ಕಳುಹಿಸಿದರು. ಆದರೆ ಅಲ್ಲಿಗೆ ಬಂದಿದ್ದ ಪೇಟೆಯ ನೆಂಟರೊಬ್ಬರು “ಎಷ್ಟು ಓದಿದ್ದೀಯಮ್ಮ?” ಎಂದು ಕೇಳಿದರಂತೆ. ಇವಳು “ಬಿಟ್ಟೆ” ಎಂದಳಂತೆ. ನಿಜ, ನಾವಿಬ್ಬರೂ ಒಟ್ಟಿಗೆ ಈ ಕಾಲೇಜಿಗೆ ಸೇರಿದವರು. ತಂದೆ ಹಾಸಿಗೆ ಹಿಡಿದಾಗ ಅವಳು ಮೊದಲ ವರ್ಷದಲ್ಲೇ ಬಿಡಬೇಕಾಯಿತು. ನನ್ನ ಮನೆಯಲ್ಲಿ ಬಿ.ಎ. ತನಕ ಬಂದವಳು ನಾನೇ ಮೊದಲು. ಊರಿಗೆ ಹೋದಾಗಲೆಲ್ಲ ಕರೆದು ಮಾತನಾಡಿಸುತ್ತಾರೆ, ಕಾಫಿ ಕೊಡುತ್ತಾರೆ. ಪಕ್ಕದಲ್ಲೇ ನಿಂತ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಈ ಕಾಫಿಯನ್ನು ಕುಡಿಯುವುದು ನನಗೆ ಈಚೆಗೆ ಬಲು ಕಷ್ಟವಾಗಿದೆ.

ಮದುವೆಮನೆಯ ಈ ಸಂಗತಿಯನ್ನು ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಹೇಳಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಮಾತ್ರ, “ಈ ಸಲ ಅವಳ ಹೆಸರಲ್ಲೇ ಬೇರೆ ಒಂದು ಕಡುಬು ಆಗಬೇಕು. ನಮ್ಮ ಬುಟ್ಟಿ ಬರೆಯೋಳು ಅವಳಲ್ಲವಾ?” ಎಂದರು. ನಮ್ಮ ಮನೆಯಲ್ಲಿ ಚಿತ್ತಾರ ಬಲ್ಲವರಿಲ್ಲ. ನಾಲ್ಕು ವರ್ಷದಿಂದ ನಮ್ಮ ಬುಟ್ಟಿಯನ್ನು ಬರೆದುಕೊಡುವವಳು ಅವಳೇ.

ಇನ್ನು ಕಡುಬಿನ ವಿಚಾರ. ಕಡುಬೆಂದೊಡನೆ ಹಬೆಯಲ್ಲಿ ಬೇಯಿಸಿದ್ದು ಕಣ್ಣಿಗೆ ಬರುವುದು ಸಹಜ. ಆ ಬಗೆಯದೂ ನಮ್ಮಲ್ಲುಂಟು. ನಾನು ಹೇಳುತ್ತಿರುವುದು ಕೆಂಡದ ನಡುವೆ ಬೇಯುವ ದಪ್ಪ ಕಡುಬು. ಬೇಕರಿಯ ಕೇಕಿನ ಅಣ್ಣನೆಂದರೂ ಸಲ್ಲುತ್ತದೆ. ಕರಾವಳಿಯ ಕೊಂಕಣಿಗರು ತವ್ಸಳಿಯೆಂದು ಮಾಡುವುದೂ ಇದರ ದಾಯಾದಿಯೇ. ಇದಕ್ಕೆ ಮೊಟ್ಟೆ ಬೇಡ, ಸೋಡ ಬೇಡ. ಚೆನ್ನಾಗಿ ಬಲಿತ ಸೌತೆಕಾಯಿಯ ಸಿಪ್ಪೆ, ತಿರುಳು, ಬೀಜ ತೆಗೆದು ತುರಿಯಬೇಕು. ಎರಡು ಬಟ್ಟಲು ತುರಿಗೆ ಒಂದು ಬಟ್ಟಲು ಅಕ್ಕಿತರಿ, ಮುಕ್ಕಾಲು ಬಟ್ಟಲು ಬೆಲ್ಲ, ಒಂದಿಷ್ಟು ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು. ತರಿಯನ್ನು ಘಮ್ಮೆನ್ನುವಂತೆ ಹುರಿದಿರಬೇಕು.

ಮನೆಯಲ್ಲಿ ಗ್ಯಾಸಿನ ಒಲೆಯಿದೆ; ಈ ಒಂದು ರಾತ್ರಿ ಅದಕ್ಕೆ ರಜ. ಅಪ್ಪಯ್ಯ ಕಾಯಿ ತುರಿದರು. ಬೆಲ್ಲ ಜಜ್ಜುವ ಕೆಲಸ ತಮ್ಮನದು. ಅದರಲ್ಲಿ ಕಾಲುಪಾಲು ಎತ್ತ ಹೋಯಿತೆಂದು ಯಾರೂ ಕೇಳಲಿಲ್ಲ. ಕಲಸುವ ಕೆಲಸವನ್ನು ಅಮ್ಮ ನನಗೆ ಬಿಟ್ಟು ಸ್ನಾನಕ್ಕೆ ಹೋದರು. ತರಿಯೆಲ್ಲ ಒಣಗಿ ಕುಳಿತಿದೆ, ಇದು ಬೇಯುವುದು ಹೇಗೆಂದು ನನ್ನ ಬುದ್ಧಿವಂತಿಕೆ ಓಡಿತು. ಒಂದು ಲೋಟ ನೀರು ಹೊಯ್ದೆ. ಕಾಲು ಗಂಟೆ ಕಳೆಯುವುದರೊಳಗೆ ಅದು ಅಂಬಲಿಯಾಗಿತ್ತು.

“ಎಂತಕ್ಕೆ ನೀರು ಹೊಯ್ದೆ ಮಾರಾಯ್ತಿ? ಕಾಯಿಯೇ ನೀರು ಬಿಡುತ್ತಲ್ಲೇ!” ಎಂದರು ಅಮ್ಮ, ತಲೆಗೂದಲಿನ ನೀರು ಹಿಂಡುತ್ತ.

ವಿಷಯವಿಷ್ಟೆ. ಬೆಲ್ಲ, ಉಪ್ಪು ಸೋಕಿದೊಡನೆ ಸೌತೆಯ ತುರಿ ತನ್ನೊಳಗಿನ ನೀರನ್ನು ಹೊರಬಿಡುತ್ತದೆ. ಆ ನೀರನ್ನು ಕುಡಿದು ತರಿ ಮೆಲ್ಲಗೆ ಉಬ್ಬುತ್ತದೆ. ಅದಕ್ಕೆ ಒಂದು ಗಂಟೆಯ ಹೊತ್ತು ಬೇಕು. ಆ ಹೊತ್ತು ನಮ್ಮ ಕೈ ಸುಮ್ಮನಿರಬೇಕು. ಅಮ್ಮ ಎರಡು ಹಿಡಿ ತರಿ ಸೇರಿಸಿ, ನನ್ನನ್ನು ಪಾತ್ರೆಯಿಂದ ದೂರ ಕೂರಿಸಿ, ಒಲೆಯತ್ತ ತಿರುಗಿದರು.

ದಪ್ಪ ತಳದ ಪಾತ್ರೆಗೆ ಬಾಳೆಲೆಯನ್ನು ಬಾಡಿಸಿ ಹಾಸಿ, ಹಿಟ್ಟು ಸುರಿದು, ಮೇಲೂ ಎಲೆ ಮುಚ್ಚಿ, ಕೆಳಗೆ ಹದವಾದ ಕೆಂಡ, ಮುಚ್ಚಳದ ಮೇಲೆಯೂ ಕೆಂಡ. ಮೇಲಿನ ಕೆಂಡವೇಕೆಂದು ತಮ್ಮ ಕೇಳಿದ. ಕೆಳಗಿನ ಕಾವು ಒಂದೇ ಆದರೆ ಹಬೆ ಎದ್ದು ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಕಡುಬಿನ ಮೇಲೆ ಬೀಳುತ್ತದೆ. ಮೇಲ್ಭಾಗ ಒದ್ದೆಯಾಗಿ ಬೆಳ್ಳಗೆ ಉಳಿಯುತ್ತದೆ. ಮುಚ್ಚಳವೂ ಕಾದಿದ್ದರೆ ಹನಿ ಕಟ್ಟುವುದಿಲ್ಲ, ಬೆಲ್ಲ ಕೆಂಪೇರಿ ಮೇಲೊಂದು ತೆಳುವಾದ ಚಕ್ಕೆ ಏಳುತ್ತದೆ. ಎರಡು ಕಡುಬಾಯಿತು: ಗದ್ದೆಗೆ ದೊಡ್ಡದು, ಗೆಳತಿಗೆ ಚಿಕ್ಕದು. ನನ್ನ ನೀರಿನ ಫಲವಾಗಿ ಚಿಕ್ಕದರ ನಡು ಕೊಂಚ ತಗ್ಗಿತ್ತು.

ನಡುರಾತ್ರಿ ಕಳೆದ ಮೇಲೆ ಗೆಳತಿ ನಮ್ಮ ಬುಟ್ಟಿಯನ್ನು ತಂದಳು. ಕೆಂಪು ನೆಲದ ಮೇಲೆ ಬಿಳಿಯ ಬತ್ತದ ಸಸಿ, ಎತ್ತಿನ ಜೋಡಿ, ಏಣಿ. ಸುತ್ತ ಎಳೆಗಳ ಕಟ್ಟು. ಅಪ್ಪಯ್ಯ ದೀಪದ ಹತ್ತಿರ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು. ಅವರು ಓದು ಬರಹ ಕಲಿತವರಲ್ಲ. ಆದರೂ ಬೆರಳಿಟ್ಟು ಒಂದೊಂದೇ ಎಳೆ ಎಣಿಸಿ, ಹೊರಟ ಕಡೆಗೇ ಬಂದು ನಿಂತು, “ಕೂಡಿತು” ಎಂದರು. ಅಮ್ಮ ಬಾಳೆಲೆಯಲ್ಲಿ ಕಡುಬನ್ನಿಟ್ಟು ಅವಳ ಕೈಗೆ ಕೊಟ್ಟು, “ಮದುವೆಮನೆ ಹಸೆ ಬರೆದಿದ್ದಕ್ಕೆ” ಎಂದರು. ಅವಳು ಬೇರೇನೋ ಹೇಳಲು ಹೋಗಿ, “ನಡು ಯಾಕೆ ತಗ್ಗಿದೆ?” ಎಂದು ಕೇಳಿದಳು. ನಾನು ಒಪ್ಪಿಕೊಂಡೆ. ಬಹಳ ಹೊತ್ತು ನಕ್ಕಳು. ಅರ್ಧವನ್ನು ಅಜ್ಜಿಗೆಂದು ಎಲೆಯಲ್ಲಿ ಕಟ್ಟಿಕೊಂಡಳು.

ಬೆಳಗಿನ ಜಾವ ಗದ್ದೆಗೆ ಹೋದೆವು. ಅಮ್ಮ ಕೊರಳ ಸರ ತೆಗೆದು ಪೈರಿಗೆ ತೊಡಿಸಿ ಪೂಜೆ ಮಾಡಿದರು. ಕಾಗೆಗೆ ಎಡೆಯಿಟ್ಟು, ಗದ್ದೆಯ ಬದುವಿನಲ್ಲೇ ಕುಳಿತು ಎಲ್ಲರೂ ಉಂಡೆವು. ಹಿಂದಿರುಗುವಾಗ ನೋಡಿದರೆ ಇಬ್ಬನಿಗೂ ನಮ್ಮ ಕೈಗಳಿಗೂ ಸಿಕ್ಕಿ ಬುಟ್ಟಿಯ ಅಂಚಿನ ಬಿಳುಪು ಆಗಲೇ ಮಾಸಿತ್ತು. ನನಗೆ ಮರುಕವಾಯಿತು. ಅವಳಿಗೆ ಏನೂ ಆಗಲಿಲ್ಲ. ಮನೆಯಲ್ಲಿ ಗುರಿಗೆ ಬೀಜ ಮುಗಿದಿದೆಯೆಂದೂ ಕಾಲೇಜಿನಿಂದ ಬರುವಾಗ ಎಲ್ಲಾದರೂ ಮರ ಕಂಡರೆ ಆರಿಸಿ ತರಬೇಕೆಂದೂ ಹೇಳಿದಳು. ಇನ್ನೊಂದು ಮದುವೆಮನೆಯವರು ಹೇಳಿಕಳುಹಿಸಿದ್ದಾರಂತೆ.